ಎಂಬತ್ತೆರಡು ಕಿಲೋ ಮರಳು

"ಇದಕ್ಕೆ ರಿಪೇರಿ ಅಂತಾರಾ? ಕಣ್ಣು ಮುಚ್ಕೊಂಡು ಮಾಡಿದ್ಯಾ ಹೇಗೆ?"

ಮೇಜಿನ ಮೇಲೆ ಬಿದ್ದ ಕಾರಿನ ಕೀಲಿಯ ಸದ್ದಿಗೆ ಮೆಕ್ಯಾನಿಕ್ ತಲೆ ಎತ್ತಿದ. ಎದುರಿಗೆ ಅವಳು!

ಅವಳ ಅಪ್ಪ ತೀರಿಕೊಂಡು ಎರಡು ತಿಂಗಳು. ಒಮ್ಮೆಯೂ ಮನೆಗೆ ಬರದವನು, ಅಪ್ಪನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ರಿಪೇರಿ ಮಾಡಿ ನಿನ್ನೆ ಬೇರೆ ಯಾರದೋ ಕೈಯಲ್ಲಿ ಕಳಿಸಿದ್ದ.

"ಏನಾಯ್ತು ಮೇಡಂ?"

ಮೇಡಂ! ಮೂರು ವರ್ಷ 'ನೀನು, ಬಾರೆ' ಅಂದ ಬಾಯಿ ಇದೇನಾ? ಅವಳ ಮೈಯೆಲ್ಲ ಉರಿಯಿತು.

"ಸ್ಟೀರಿಂಗ್ ನೇರ ಹಿಡಿದ್ರೂ ಗಾಡಿ ಎಡಕ್ಕೆ ಎಳೆಯುತ್ತೆ. ತಿರುವಲ್ಲಿ ಹಿಂಭಾಗ ತನ್ನ ದಾರಿ ತಾನು ನೋಡ್ಕೊಳ್ಳುತ್ತೆ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಡೊಂಕಿರೋದು ನಿನ್ನ ಚಕ್ರ! ಮಾರಿಬಿಡ್ತೀನಿ ಇದನ್ನ. ನಿನ್ನ ಮುಖ ನೋಡೋ ಕರ್ಮವೂ ತಪ್ಪುತ್ತೆ."

ಅವನು ಎದ್ದ. ಹೊರಗೆ ಹೋಗಿ ಕಾರಿನ ಎರಡೂ ಬದಿಗೆ ಉದ್ದಕ್ಕೆ ದಾರ ಬಿಗಿದ. ಸ್ಕೇಲು ಹಿಡಿದು ಮಂಡಿಯೂರಿ, ದಾರದಿಂದ ಹಿಂದಿನ ಚಕ್ರಗಳ ದೂರ ಅಳೆದ. ಎಡಗಡೆ ಸರಿ. ಬಲಗಡೆ... ಮತ್ತೆ ಅಳೆದ.

"ಚಕ್ರದ ರಬ್ಬರ್ ಬುಷ್ ಹೊಸದು. ಓರೆ ಸರಿಮಾಡೋಕೆ ಹಾಕಿದ ತಗಡೂ ಅಲ್ಲೇ ಇದೆ. ಮತ್ತೆ..."

ಅವನ ಕಣ್ಣು ಬಲಗಡೆಯ ಡ್ರೈವರ್ ಸೀಟಿನ ಮೇಲೆ ನಿಂತಿತು. ಆಮೇಲೆ ಗ್ಯಾರೇಜಿನ ಮೂಲೆಗೆ ಹೋಯಿತು. ಮುಖ ಬಿಳುಪೇರಿತು.

ಮೂಲೆಯಲ್ಲಿ ಮೂರು ಮರಳಿನ ಚೀಲ. ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ೮೨.

"ಏನದು?"

"ಈ ಗಾಡಿಯಲ್ಲಿ ಓಡಿಸೋರ ತೂಕ ಸೀಟಿನ ಮೇಲಿಟ್ಟೇ ಹಿಂದಿನ ಚಕ್ರ ಹೊಂದಿಸಬೇಕು. ತೂಕ ಬದಲಾದ್ರೆ ಚಕ್ರದ ಓರೆ ಬದಲಾಗುತ್ತೆ. ಯಾವಾಗ್ಲೂ ನಿಮ್ಮಪ್ಪನೇ ಕೂತಿರ್ತಿದ್ರು, ಪೇಪರ್ ಓದ್ಕೊಂಡು. ಈ ಸಲ ಅವರ ತೂಕದಷ್ಟು ಮರಳಿಟ್ಟೆ, ಎಂಬತ್ತೆರಡು ಕಿಲೋ. ಎಪ್ಪತ್ತೈದು ಕಿಲೋ ಅಂತ ಸುಳ್ಳು ಬೇರೆ ಹೇಳ್ತಿದ್ರು..."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಕೋಪ ಇನ್ನೂ ಏರಿತು.

"ಅಪ್ಪ ಇಲ್ಲ ಕಣೋ! ಓಡಿಸೋಳು ನಾನು. ಐವತ್ತೊಂದು ಕಿಲೋ! ಇಷ್ಟೂ ತಲೆಗೆ ಹೋಗ್ಲಿಲ್ವಾ?"

"ತಲೆಗೆ ಹೋಗಿತ್ತು," ಅವನ ದನಿ ಒಡೆಯಿತು. "ಕೈಗೆ ಹೋಗಿರ್ಲಿಲ್ಲ."

"ಹಾಗಿದ್ರೆ ಮನೆಗೆ ಯಾಕೆ ಬರ್ಲಿಲ್ಲ? ಬಾಗಿಲು ಸದ್ದಾದಾಗೆಲ್ಲ ನೀನೇ ಅಂತ ಓಡಿದೀನಿ!"

ಬಿಗಿದ ದಾರ ಗಾಳಿಗೆ ಸಣ್ಣಗೆ ನಡುಗುತ್ತಿತ್ತು.

"ಬಂದಿದ್ರೆ ಅವರಿಲ್ಲ ಅಂತ ಒಪ್ಕೋಬೇಕಿತ್ತು. ಇಲ್ಲಿ ಅವರ ತೂಕ ಆದ್ರೂ ಇತ್ತು... ತಪ್ಪಾಯ್ತು ಕಣೆ. ನಿನ್ನೊಬ್ಬಳನ್ನೇ ಅಳೋಕೆ ಬಿಟ್ಟೆ."

ಅವಳು ಕಣ್ಣೊರೆಸಿಕೊಂಡು ಬಾಗಿಲು ತೆಗೆದಳು. ಡ್ರೈವರ್ ಸೀಟಿನಲ್ಲಿ ದೊಪ್ಪೆಂದು ಕೂತಳು.

"ಅಳೆ."

"ಮಾರ್ತೀನಿ ಅಂದೆ?"

"ಬಾಯಿ ಮುಚ್ಕೊಂಡು ಅಳೆ. ಕೋಪ ಇನ್ನೂ ಇಳಿದಿಲ್ಲ."

ಅವನು ಮತ್ತೆ ಮಂಡಿಯೂರಿದ.

"ಪಕ್ಕದ ಸೀಟು ಖಾಲಿ ಇಟ್ಟೇ ಅಳೀತಿದ್ಯಾ?"

"ಹೂಂ. ಯಾವಾಗ್ಲೂ ಹಾಗೇ."

"ಇನ್ಮೇಲೆ ಬೇಡ. ನಿನ್ನ ತೂಕದಷ್ಟು ಮರಳು ಇಡು."

ಸ್ಕೇಲು ಅವನ ಕೈಯಿಂದ ಜಾರಿತು.

"ಆಮೇಲೆ?"

"ಆಮೇಲೆ ಮರಳು ಇಳಿಸಿ... ನೀನೇ ಬಂದು ಕೂತ್ಕೋ."