ಗೋಡೆಯಾಚೆಯ ಏಳು ಕಲ್ಲು

ಆರ್ಡೆಲ್ ಟೈನ್ಸ್ ಮತ್ತೊಮ್ಮೆ ಎಣಿಸಲು ಹೋದಳು. ಎಣಿಸಲು ಏನೂ ಇರಲಿಲ್ಲ.

ಏಳು ಕಲ್ಲುಗಳಿದ್ದವು. ಹೆಸರಿಲ್ಲ, ಅಕ್ಷರವಿಲ್ಲ, ಬರೀ ಒರಟು ಕಲ್ಲುಗಳು. ಚರ್ಚಿನ ಸ್ಮಶಾನದ ಗೋಡೆಯಾಚೆ, ಮೇಪಲ್ ಮರದ ಕೆಳಗೆ, ಅವಳ ಅಜ್ಜಿಯ ಅಜ್ಜಿಯ ಕಾಲದಿಂದಲೂ ನೆಟ್ಟಗೆ ನಿಂತಿದ್ದವು. ಈಗ ಅಲ್ಲಿ ಮೇ ತಿಂಗಳ ಎಳೆ ಹುಲ್ಲು, ನಡುನಡುವೆ ಡ್ಯಾಫೊಡಿಲ್ ಹೂ. ಅಷ್ಟೇ.

ಆರ್ಡೆಲ್ ಅಳಲಿಲ್ಲ. ನೇರವಾಗಿ ಮರ್ಟಲ್ ವಾರ್ಡ್‌ಲೋ ಮನೆಗೆ ನಡೆದಳು. ಮರ್ಟಲ್ ಪೊಲೀಸ್ ಕೆಲಸದಿಂದ ನಿವೃತ್ತಳಾಗಿ, ಕೋಳಿ ಸಾಕಿಕೊಂಡು, ಊರವರ ಜಗಳ ಬಿಡಿಸಿಕೊಂಡು ಇದ್ದವಳು.

"ಮರ್ಟಲ್, ನಿನ್ನ ಪೊಲೀಸ್ ಬುದ್ಧಿ ಇನ್ನೂ ಇದ್ಯೋ, ಪಿಂಚಣಿ ಜೊತೆ ಅದನ್ನೂ ತಿಂದು ಮುಗಿಸಿದ್ಯೋ?"

"ಯಾಕೆ? ಯಾರದಾದ್ರೂ ಕೋಳಿ ಹೋಯ್ತಾ?"

"ನಮ್ಮಜ್ಜಿಯಂದಿರು ಹೋದ್ರು ಕಣೇ."

ಮರ್ಟಲ್ ಕೈಯಲ್ಲಿದ್ದ ಕಾಳಿನ ಬಟ್ಟಲು ಕೆಳಗಿಟ್ಟಳು. ಕೇಳುವುದಕ್ಕೆ ಮೊದಲೇ ಅವಳಿಗೆ ಯಾವ ಜಾಗವೆಂದು ತಿಳಿದುಹೋಗಿತ್ತು.

ಶನಿವಾರ ಊರಿಗೆ ದೊಡ್ಡ ದಿನ. ಎಲಿಫಲೆಟ್ ವಾರ್ಡ್‌ಲೋ ಸ್ಮಾರಕದ ಅನಾವರಣ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪಕ್ಷ ಹಿಡಿದು, ಸೋತು, ಮನೆಮಠ ಕಳೆದುಕೊಂಡು, ಹಡಗೇರಿ ಈ ಸೇಂಟ್ ಜಾನ್ ನದಿಯ ದಡಕ್ಕೆ ಬಂದಿಳಿದವನು ಎಲಿಫಲೆಟ್. ಮರ್ಟಲ್‌ಳ ಮೂಲಪುರುಷ. ಒಂದು ಕೊಡಲಿ ಹಿಡಿದು ಬಂದವನು ಒಬ್ಬನೇ ಕಾಡು ಕಡಿದು ಊರು ಕಟ್ಟಿದ ಎಂಬುದು ವಾರ್ಡ್‌ಲೋ ಮನೆಯ ಮಕ್ಕಳು ಹಾಲಿನ ಜೊತೆ ಕುಡಿದು ಬೆಳೆದ ಕತೆ. ಆ ಮಾತನ್ನೇ ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿಯೂ ಆಗಿತ್ತು. ಸಮಿತಿಯ ಅಧ್ಯಕ್ಷ ಮರ್ಟಲ್‌ಳ ಅಣ್ಣ ಕೆಂಡ್ರಿಕ್.

ಬರುವ ಜನರ ಕಾರು ನಿಲ್ಲಿಸಲು ಗೋಡೆಯಾಚೆಯ ತುಂಡು ನೆಲಕ್ಕೆ ಜಲ್ಲಿ ಸುರಿಯುವುದೆಂದು ಕಳೆದ ಬೇಸಿಗೆಯಲ್ಲೇ ಸಮಿತಿ ನಿಶ್ಚಯಿಸಿತ್ತು. ಆಗ ಎದ್ದು ನಿಂತವಳು ಆರ್ಡೆಲ್ ಒಬ್ಬಳೇ. ಅಲ್ಲಿ ನಮ್ಮವರನ್ನು ಮಣ್ಣು ಮಾಡಿದ್ದಾರೆ ಎಂದಳು. ಗುರುತು ಕಂಡರೆ ಬಿಡೋಣ, ಸರ್ವೆಯವನು ಬಂದು ನೋಡಲಿ ಎಂದು ಸಮಿತಿ ಹೇಳಿತು. ಸರ್ವೆಯವನು ಬರುವುದು ನಾಳೆ ಬೆಳಿಗ್ಗೆ.

"ಅವ್ನು ಬಂದು ಬರೀ ಹುಲ್ಲು ನೋಡ್ತಾನೆ," ಎಂದಳು ಆರ್ಡೆಲ್. "ಸಾಯಂಕಾಲಕ್ಕೆ ಜಲ್ಲಿ ಬೀಳುತ್ತೆ. ಆಮೇಲೆ ಡೈನಾ ಎದೆ ಮೇಲೆ ಜನ ಕಾರು ನಿಲ್ಲಿಸ್ತಾರೆ."

"ಡೈನಾ ಯಾರು?"

ಆರ್ಡೆಲ್ ಒಂದು ಕ್ಷಣ ಅವಳನ್ನೇ ನೋಡಿದಳು. "ನಿಮ್ಮ ಎಲಿಫಲೆಟ್ ಗುಲಾಮಳು ಅಂತ ಹಡಗಲ್ಲಿ ಹಾಕ್ಕೊಂಡು ಬಂದ್ನಲ್ಲ, ಅವಳು. ಕೊಡಲಿ ಜೊತೆ."

ಮರ್ಟಲ್‌ಳ ಕಿವಿ ಬಿಸಿಯಾಯಿತು. ಅರವತ್ತು ವರ್ಷ ಆ ಗೋಡೆಯ ಪಕ್ಕದಲ್ಲೇ ಓಡಾಡಿದವಳು. ಕಲ್ಲುಗಳನ್ನು ಕಂಡಿದ್ದಳು. ಯಾರವೆಂದು ಕೇಳಿರಲಿಲ್ಲ.

"ನೀನು ಕೊನೇ ಸಲ ಯಾವಾಗ ನೋಡಿದ್ದು?"

"ಅಕ್ಟೋಬರ್‌ನ ಸುಗ್ಗಿ ಹಬ್ಬಕ್ಕೆ. ಮೇಪಲ್ ಎಲೆ ಗುಡಿಸಿ ಬಂದಿದ್ದೆ. ಆಮೇಲೆ ಹಿಮ. ಆಮೇಲೆ ನನ್ನ ಮಂಡಿ ನೋವು. ಇವತ್ತೇ ಹೋಗಿದ್ದು."

ಮರ್ಟಲ್ ಮೊದಲು ಹಿಡಿದದ್ದು ಡೆಲ್ಬರ್ಟ್‌ನನ್ನು. ಜಲ್ಲಿಯ ಗುತ್ತಿಗೆ ಅವನದು, ಟ್ರ್ಯಾಕ್ಟರೂ ಅವನದು.

"ಆ ಕಲ್ಲು ಅಲ್ಲೇ ಇದ್ದಿದ್ರೆ ನಿನ್ನ ಗುತ್ತಿಗೆ ಹೋಗ್ತಿತ್ತು, ಅಲ್ವಾ?"

"ಹೋಗ್ತಿತ್ತು. ಅದಕ್ಕೆ? ಗೋರಿ ಕೀಳೋಷ್ಟು ಗತಿಗೆಟ್ಟಿಲ್ಲ ನಾನು."

"ಗೋರಿ ಅಂತ ಗೊತ್ತಿತ್ತಾ?"

ಡೆಲ್ಬರ್ಟ್ ಟೋಪಿ ಸರಿಮಾಡಿಕೊಂಡ. "ಎಲ್ರಿಗೂ ಗೊತ್ತು, ಮರ್ಟಲ್. ಯಾರೂ ಹೇಳಲ್ಲ ಅಷ್ಟೆ. ನೋಡು, ನಾನು ಆಲ್ಬರ್ಟಾದ ಎಣ್ಣೆ ಬಾವಿ ಕೆಲಸ ಮುಗಿಸ್ಕೊಂಡು ಬಂದಿದ್ದೇ ಕ್ರಿಸ್‌ಮಸ್‌ಗೆ. ಅಷ್ಟೊತ್ತಿಗೆ ನೆಲ ಹೆಪ್ಪುಗಟ್ಟಿ ಕಬ್ಬಿಣ. ಈ ಏಪ್ರಿಲ್‌ನಲ್ಲಿ ನೆಲ ಬಿಟ್ಕೊಂಡ ಮೇಲೆ ಯಾರೋ ಕಿತ್ತಿರ್ಬೇಕು. ಏಪ್ರಿಲ್‌ನಲ್ಲಿ ಕಲ್ಲು ಬೇಕಾಗಿದ್ದು ಯಾರಿಗೆ? ಓರ್ವಲ್‌ನ ಕೇಳು!"

ಓರ್ವಲ್ ಕಲ್ಲುಕೆಲಸದವನು. ಚರ್ಚಿನ ಮುಂದೆ ಸ್ಮಾರಕದ ಕಟ್ಟೆ ಮುಗಿಸಿ, ಗಾರೆಯನ್ನು ಉಜ್ಜುತ್ತಿದ್ದ. ಹಿತ್ತಾಳೆಯ ಫಲಕ ಬಟ್ಟೆ ಹೊದ್ದು ಕೂತಿತ್ತು.

"ಕಲ್ಲು ಎಲ್ಲಿಂದ ತಂದೆ, ಓರ್ವಲ್?"

"ಚರ್ಚ್ ಹಾಲ್ ಹಿಂದೆ ರಾಶಿ ಬಿದ್ದಿತ್ತು. ಹಿಮ ಕರಗಿದ್ಮೇಲೆ ಕಾಣ್ತು. ಹೊಲದ ಕಲ್ಲು ಅಂದ್ಕೊಂಡೆ. ಈ ಊರಲ್ಲಿ ಕಲ್ಲಿಗೆ ಬರವಾ? ವರ್ಷಾ ವರ್ಷಾ ನೆಲಾನೇ ಹೆರುತ್ತೆ."

"ರಾಶಿ ಹಾಕಿದ್ದು ಯಾರು?"

"ನನಗೇನು ಗೊತ್ತು? ಹೋದ ಅಕ್ಟೋಬರ್‌ನಲ್ಲೇ ಸೊಂಟದ ಆಪರೇಷನ್ ಆಯ್ತು. ಚಳಿಗಾಲ ಮುಗಿಯೋ ತನಕ ಹೆಂಡ್ತಿ ಕೈಯಲ್ಲಿ ಸೂಪು, ಬಾಯಲ್ಲಿ ಬೈಗಳು!"

ಮರ್ಟಲ್ ನಗಲಿಲ್ಲ. ಕಟ್ಟೆಯ ಮೂಲೆಗಲ್ಲನ್ನು ಬಗ್ಗಿ ನೋಡುತ್ತಿದ್ದಳು. ಹೊಲದಲ್ಲಿ ಮಲಗಿದ ಕಲ್ಲಿಗೆ ಮೇಲ್ಮೈಗೆ ಮಾತ್ರ ಕಲ್ಲುಹೂವು ಹತ್ತುತ್ತದೆ. ಈ ಕಲ್ಲಿನ ಎರಡೂ ಮುಖಕ್ಕೆ ಹತ್ತಿತ್ತು. ಅದೂ ಅರ್ಧದವರೆಗೆ ಮಾತ್ರ. ಉಳಿದರ್ಧ ಗೆರೆ ಕೊರೆದಂತೆ ಬೋಳು, ಮಣ್ಣಿನ ಕಂದು ಬಣ್ಣ.

ಅವಳು ಆ ಗೆರೆಯ ಮೇಲೆ ಬೆರಳೆಳೆದು, ಅಣ್ಣನ ಮನೆಯ ಕಡೆ ನಡೆದಳು.

ಕೆಂಡ್ರಿಕ್ ಅಂಗಳದಲ್ಲಿ ಕೂತು ಶನಿವಾರದ ಭಾಷಣ ಓದಿಕೊಳ್ಳುತ್ತಿದ್ದ. ಫ್ಲಾರಿಡಾದ ಬಿಸಿಲು ಇನ್ನೂ ಮುಖದ ಮೇಲಿತ್ತು. ಹೆಂಡತಿ ಜಾಯ್ಸ್ ತೀರಿಕೊಂಡ ಮೇಲೆ ಅವನು ನವೆಂಬರ್ ಬಂತೆಂದರೆ ಹಕ್ಕಿಯ ಹಾಗೆ ದಕ್ಷಿಣಕ್ಕೆ ಹಾರುತ್ತಿದ್ದ. ಹಿಂತಿರುಗಿ ಬಂದದ್ದು ಕಳೆದ ಭಾನುವಾರ.

"ಆರ್ಡೆಲ್ ಕಲ್ಲು ಕಾಣ್ತಿಲ್ಲ, ಅಣ್ಣ."

"ಕೇಳಿದೆ. ಅನ್ಯಾಯ." ಕಾಗದದಿಂದ ಕಣ್ಣೆತ್ತಲಿಲ್ಲ. "ಏಪ್ರಿಲ್‌ನಲ್ಲಿ ಯಾರೋ ಪುಂಡರು ಕಿತ್ತಿರ್ಬೇಕು. ನಾನಂತೂ ಊರಲ್ಲಿರ್ಲಿಲ್ಲ."

"ನಾನು ನಿನ್ನ ಕೇಳಿದ್ನಾ?"

"ಪೊಲೀಸ್‌ನವಳು. ಕೇಳದೆ ಬಿಡ್ತೀಯಾ?"

ಮೆಟ್ಟಿಲ ಪಕ್ಕದಲ್ಲಿ ಜಾಯ್ಸ್ ಬೆಳೆಸಿದ ಡ್ಯಾಫೊಡಿಲ್‌ಗಳು ಗಾಳಿಗೆ ತಲೆಯಾಡಿಸುತ್ತಿದ್ದವು. ಬಿಳಿ ಎಸಳು, ನಡುವೆ ಕೆಂಪಂಚಿನ ಪುಟ್ಟ ಬಟ್ಟಲು. ಮರ್ಟಲ್ ಸುಮ್ಮನೆ ಅವನ್ನೇ ನೋಡುತ್ತ ನಿಂತಳು. ಆಮೇಲೆ ಕಾಫಿಯನ್ನೂ ಕುಡಿಯದೆ ಹೊರಟು ಬಂದಳು.

ಮಾರನೆಯ ಬೆಳಿಗ್ಗೆ ಸರ್ವೆಯವನು ಬರುವ ಮೊದಲೇ ಎಲ್ಲರನ್ನೂ ಗೋಡೆಯ ಬಳಿ ಕರೆಸಿದಳು. ಆರ್ಡೆಲ್ ಕೋಲೂರಿ ನಿಂತಿದ್ದಳು. ಡೆಲ್ಬರ್ಟ್ ಮತ್ತು ಓರ್ವಲ್ ಒಬ್ಬರನ್ನೊಬ್ಬರು ದುರುಗುಟ್ಟುತ್ತಿದ್ದರು. ಕೆಂಡ್ರಿಕ್ ಗಡಿಯಾರ ನೋಡಿಕೊಂಡ.

"ಕಲ್ಲು ಸಿಕ್ಕಿವೆ," ಎಂದಳು ಮರ್ಟಲ್. "ಸ್ಮಾರಕದ ಕಟ್ಟೆಯೊಳಗಿವೆ."

"ಏನು!" ಓರ್ವಲ್ ಮುಖ ಬಿಳಿಚಿತು. "ದೇವರಾಣೆ, ನನಗೆ—"

"ನಿನಗೆ ಗೊತ್ತಿರ್ಲಿಲ್ಲ," ಮರ್ಟಲ್ ತಡೆದಳು. "ಗೊತ್ತಿದ್ರೆ ಗೆರೆ ಇರೋ ಮುಖ ಹೊರಗಿಟ್ಟು ಕಟ್ತಿರ್ಲಿಲ್ಲ. ಅರ್ಧ ಮಣ್ಣಲ್ಲಿ ಹೂತು ನೆಟ್ಟಗೆ ನಿಂತ ಕಲ್ಲು ಅಂತ ಯಾರು ನೋಡಿದ್ರೂ ಹೇಳ್ಬಹುದು. ಪ್ರಶ್ನೆ ಅದಲ್ಲ. ಕಿತ್ತದ್ದು ಯಾವಾಗ? ಏಪ್ರಿಲ್ ಅಂತ ಎಲ್ರೂ ಹೇಳಿದ್ರಿ. ಯಾಕೆ ಏಪ್ರಿಲ್?"

"ಆಗ್ಲೇ ತಾನೆ ನೆಲ ಮೆತ್ತಗಾಗೋದು?" ಎಂದ ಡೆಲ್ಬರ್ಟ್.

"ಕಲ್ಲು ಹೋದ ಜಾಗಾನ ಎಲ್ರೂ ನೋಡಿದ್ವಿ. ಅಲ್ಲಿ ಬಂದದ್ದನ್ನ ಯಾರೂ ನೋಡ್ಲಿಲ್ಲ." ಮರ್ಟಲ್ ಹುಲ್ಲಿನತ್ತ ಕೈ ತೋರಿಸಿದಳು. "ಈ ಡ್ಯಾಫೊಡಿಲ್ ಎಷ್ಟು ಗುಂಪಿವೆ?"

ಆರ್ಡೆಲ್ ಎಣಿಸಿದಳು. ತುಟಿ ಮಾತ್ರ ಅಲುಗಿತು. "ಏಳು."

"ಒಂದೊಂದು ಗುಂಡಿಗೆ ಒಂದೊಂದು. ಈಗ ಹೂ ಬಿಡ್ಬೇಕು ಅಂದ್ರೆ ಗೆಡ್ಡೆ ಚಳಿಗಾಲ ಪೂರ್ತಿ ಮಣ್ಣೊಳಗೆ ಮಲಗಿರ್ಬೇಕು. ಇದು ಈ ಊರಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ? ಅಂದ್ರೆ ಕಲ್ಲು ಹೋದದ್ದು ಏಪ್ರಿಲ್‌ನಲ್ಲಲ್ಲ. ಆರ್ಡೆಲ್ ಎಲೆ ಗುಡಿಸಿದ ಮೇಲೆ, ಹಿಮ ಬೀಳೋಕೆ ಮೊದ್ಲು. ಆಗ ಡೆಲ್ಬರ್ಟ್ ಆಲ್ಬರ್ಟಾದಲ್ಲಿದ್ದ. ಓರ್ವಲ್ ಹಾಸಿಗೆ ಮೇಲಿದ್ದ. ಏಪ್ರಿಲ್‌ನಲ್ಲಿ ಊರಲ್ಲಿಲ್ಲದವನು ಅಕ್ಟೋಬರ್‌ನಲ್ಲಿ ಇಲ್ಲೇ ಇದ್ದ."

ಡೆಲ್ಬರ್ಟ್, ಓರ್ವಲ್ ಇಬ್ಬರೂ ಕೆಂಡ್ರಿಕ್ ಕಡೆ ತಿರುಗಿದರು. ಮರ್ಟಲ್ ಮುಂದುವರಿಸಿದಳು.

"ಕದಿಯೋನು ಗುಂಡಿ ಮುಚ್ತಾನೆ. ಹೂ ನೆಡಲ್ಲ. ಇಲ್ಲಿ ಮನುಷ್ಯರು ಮಲಗಿದಾರೆ ಅಂತ ಗೊತ್ತಿದ್ದೋನು ಮಾತ್ರ ನೆಡ್ತಾನೆ. ಬಿಳಿ ಎಸಳು, ಕೆಂಪು ಅಂಚು." ಎಷ್ಟೋ ಜನರನ್ನು ಹಿಡಿದಿದ್ದಳು. ಒಬ್ಬರ ಹೆಸರು ಹೇಳಲೂ ಇಷ್ಟು ಕಷ್ಟವಾಗಿರಲಿಲ್ಲ. "ಜಾಯ್ಸ್ ಗೆಡ್ಡೆ, ಅಲ್ವಾ ಅಣ್ಣ?"

ಕೆಂಡ್ರಿಕ್ ಬಗ್ಗಿ ಒಂದು ಹೂವನ್ನು ಮುಟ್ಟಿದ.

"ಕೈಗಾಡಿಯಲ್ಲಿ ಹಾಲ್ ಹಿಂದಕ್ಕೆ ಸಾಗಿಸಿದೆ," ಎಂದ. "ಒಬ್ನೇ. ಭಾಷಣಕ್ಕೆ ಅಂತ ಹಳೇ ದಾಖಲೆಯಲ್ಲಿ ಎಲಿಫಲೆಟ್ ಬದುಕು ಹುಡುಕ್ತಾ ಹೋದೆ, ಮರ್ಟಲ್. ಹೋದಲ್ಲೆಲ್ಲಾ ಇವ್ರೇ ಸಿಕ್ಕಿದ್ರು. ಕಾಡು ಕಡಿದದ್ದು ಇವ್ರು, ಮನೆ ಕಟ್ಟಿದ್ದು ಇವ್ರು. ಅಷ್ಟೊತ್ತಿಗೆ 'ಒಬ್ಬನೇ' ಅಂತ ಫಲಕಕ್ಕೆ ಹೇಳಿಯಾಗಿತ್ತು. ಕಲ್ಲು ಕಂಡ್ರೆ ಜನ ಯಾರದು ಅಂತ ಕೇಳ್ತಾರೆ. ಸಮಾರಂಭ ಒಂದು ಮುಗೀಲಿ, ಮತ್ತೆ ತಂದು ನೆಡೋಣ ಅಂತ..."

"ಜಲ್ಲಿ ಮೇಲಾ?" ಎಂದಳು ಮರ್ಟಲ್.

ಅವನು ತಲೆ ತಗ್ಗಿಸಿದ.

"ಭಾನುವಾರ ಬಂದಾಗ ಕಟ್ಟೆ ನೋಡಿದೆಯಲ್ಲ? ಗುರುತು ಸಿಕ್ತಾ?"

"ಸಿಕ್ತು."

"ಸುಮ್ನಿದ್ದೆ."

"ಸುಮ್ನಿದ್ದೆ." ಬಿಸಿಲುಗೆಂಪಿನ ಮುಖ ಬೂದಿಯಂತಾಗಿತ್ತು. ಆರ್ಡೆಲ್ ಕಡೆ ತಿರುಗಿ ಬಾಯಿ ತೆರೆದ. ಅವಳು ಕೋಲೆತ್ತಿ ತಡೆದಳು.

"ನೀನು ಕ್ಷಮೆ ಕೇಳೋದು ಆಮೇಲೆ. ನನಗೀಗ ಕೆಲ್ಸ ಇದೆ. ಓರ್ವಲ್, ಕಟ್ಟೆ ಬಿಚ್ಚು."

ಓರ್ವಲ್ ಉಳಿ, ಸುತ್ತಿಗೆ ತಂದ. ಗಾರೆ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಸರ್ವೆಯವನು ಬಂದವನು ಏನನ್ನೂ ಕೇಳದೆ, ಕೋಟು ಕಳಚಿ ಕಲ್ಲು ಹೊರಲು ಸೇರಿಕೊಂಡ. ಒಂದೊಂದಾಗಿ ಹುಲ್ಲಿನ ಮೇಲೆ ಬಂದವು.

ಆರ್ಡೆಲ್ ನಿಧಾನವಾಗಿ ಅವುಗಳ ನಡುವೆ ನಡೆದಳು. "ಅಕ್ಷರ ಇರ್ಲಿಲ್ಲ. ನಮ್ಮಜ್ಜಿ ಆಕಾರದಲ್ಲೇ ಕಲ್ಸಿದ್ಲು. ಗೂನುಬೆನ್ನಿಂದು ಪೊಂಪಿ. ಇವೆರಡು ಚಿಕ್ಕವು ಮಕ್ಕಳದು. ಮರದ ಹತ್ರ ಎಲ್ಲಕ್ಕಿಂತ ಎತ್ತರದ್ದು ಡೈನಾ." ನಿಂತಳು. ಸುತ್ತಲೂ ನೋಡಿದಳು. "ಎತ್ತರದ್ದು ಎಲ್ಲಿ?"

ಓರ್ವಲ್ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಅದು ಮಟ್ಟಕ್ಕೆ ಬರ್ಲಿಲ್ಲ, ಆರ್ಡೆಲ್," ಎಂದ ಮೆಲ್ಲಗೆ. "ನಾನೇ ಒಡೆದೆ. ಮೂರು ತುಂಡು ಮಾಡಿ, ಫಲಕದ ಅಡಿಗೆ ಹಾಕಿದೆ."

ಕೆಂಡ್ರಿಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮರ್ಟಲ್‌ಗೆ ಅಣ್ಣನ ಕಡೆಗೂ ನೋಡಲಾಗಲಿಲ್ಲ, ಆರ್ಡೆಲ್ ಕಡೆಗೂ ನೋಡಲಾಗಲಿಲ್ಲ. ಹಿಡಿದುಕೊಟ್ಟೆನೆಂಬ ಸಮಾಧಾನ ಎಳ್ಳಷ್ಟೂ ಇರಲಿಲ್ಲ.

ಆರ್ಡೆಲ್ ಮಂಡಿನೋವನ್ನು ಲೆಕ್ಕಿಸದೆ ನೆಲಕ್ಕೆ ಕೂತಳು. ಓರ್ವಲ್ ತಂದಿಟ್ಟ ಮೂರು ತುಂಡುಗಳನ್ನೂ ಹತ್ತಿರಕ್ಕೆ ಎಳೆದುಕೊಂಡು, ಅಂಚಿಗೆ ಅಂಚು ಕೂಡಿಸಿದಳು. ಉಳಿ ತಿಂದ ಕಡೆ ಕೂಡಲಿಲ್ಲ. ಮತ್ತೊಮ್ಮೆ ಕೂಡಿಸಿದಳು. ಆಮೇಲೆ ಭುಜದ ಮೇಲಿನ ಶಾಲು ತೆಗೆದು ಅವುಗಳಿಗೆ ಹೊದಿಸಿದಳು.

"ಹೂವು ಕೀಳ್ಬೇಡಿ," ಎಂದಳು. "ಅದರ ಪಕ್ಕದಲ್ಲೇ ನೆಡಿ. ಶನಿವಾರ ಜನ ಬರ್ಲಿ. ನಾನೂ ಬರ್ತೀನಿ. ಆ ಭಾಷಣ ಓದೋನು ಮೊದ್ಲು ಇಲ್ಲಿ ನಿಂತು, ಈ ತುಂಡು ಯಾಕೆ ಮೂರು ಅಂತ ಹೇಳ್ಲಿ."