ಅರ್ಧ ಸ್ವರ ಕೆಳಗೆ

ಮೊದಲ ಸ್ವರಕ್ಕೇ ಎಲ್ಲ ಕೆಟ್ಟಿತು.

ಸಾಂಗ್ಲಿಯ ಹೊಸ ಕಾಂಪ್ಲೆಕ್ಸಿನ ಹಾಲ್, ಸಂಜೆ ನಾಲ್ಕು ಗಂಟೆ. ಪಿಯಾನೊ ಮುಂದೆ ನಾನು, ಪಕ್ಕದಲ್ಲಿ ಸ್ಯಾಕ್ಸೊಫೋನ್ ಹಿಡಿದ ರತ್ನದೀಪ. ನುಡಿಸುತ್ತಿದ್ದದ್ದು ಒಂದೇ ಕೃತಿ. ಕೇಳಿದರೆ ಎರಡು ಲಾರಿ ಡಿಕ್ಕಿ ಹೊಡೆದಂತಿತ್ತು!

ಮುಂದಿನ ಸಾಲಿನಲ್ಲಿ ನನ್ನ ಅಪ್ಪ, ನಮ್ಮ ಬಾಬಾ, ಅರಿಸಿನ ವ್ಯಾಪಾರಿ ಬಾಪೂಸಾಹೇಬ. "ಬ್ಯಾಂಡಿನವನ್ನ ಲಗ್ನ ಆಗ್ತಿಯೇನ?" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟವರು, ಕೊನೆಗೆ ಹೇಳಿದ್ದರು: "ಒಮ್ಮೆ ಕೇಳ್ತೇನಿ. ಚಲೋ ಅನಸ್ಲಿಲ್ಲ ಅಂದ್ರ ಅವನ ಹೆಸರು ಮನ್ಯಾಗ ಎತ್ತಬ್ಯಾಡ."

ರತ್ನದೀಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಪ್ರೀತಿಯ ವಿಷಯ ಅವನಿಗೇ ನಾನಿನ್ನೂ ಹೇಳಿರಲಿಲ್ಲ!

ಆರು ತಿಂಗಳಿಂದ ನಾನು ಮಿರಜಿನ ಶಾಲೆಯೊಂದರ ಹಳೇ ಪಿಯಾನೊ ಮೇಲೆ ಪ್ರಾಕ್ಟೀಸ್ ಮಾಡುತ್ತಿದ್ದೆ. ನನಗೆ ಪಿಯಾನೊ ಕಲಿಸುವ ಮೇಡಂ ಕೊಟ್ಟ ನೋಟ್ಸಿನ ಝೆರಾಕ್ಸ್. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ, ಆದರೆ ನಡೆ ಜಾಝ್‌ನದು, ಬೇಕೆಂದೇ ಚೂರು ತಡವಾಗಿ ಬರುವ ತುಂಟತನ. ಒಂದು ದಿನ ಎದುರಿನ ಬ್ಯಾಂಡ್ ಅಂಗಡಿಯಿಂದ ಅದೇ ಸಾಲು ಸ್ಯಾಕ್ಸೊಫೋನಿನಲ್ಲಿ ಬಂತು. ಓಡಿದೆ.

"ನೋಟ್ಸ್ ಎಲ್ಲಿ ಸಿಕ್ತು ನಿಮಗ?"

"ನೋಟ್ಸ್ ಓದಾಕ ಬರೂದಿಲ್ರಿ ಮೇಡಂ. ಕೇಳಿ ಕಲ್ತೇನಿ. ನೀವು ತಪ್ಪಿದ್ದೂ ಕಲ್ತೇನಿ. ಬಾರಸ್ಲ್ಯಾ?"

ರತ್ನದೀಪನ ತುಟಿ ಗಂಭೀರ, ಕಣ್ಣು ಮಾತ್ರ ನಗುತ್ತಿತ್ತು. ನಾನು ಅಲ್ಲೇ ಮನಸೋತೆ.

ಜೊತೆಗೆ ನುಡಿಸಲು ನಾನು ಕರೆದಿದ್ದಕ್ಕೆ, ಇವತ್ತು ಸಾಂಗ್ಲಿವಾಡಿಯ ಮದುವೆ ಮೆರವಣಿಗೆ ಮುಗಿಸಿ, ಕೆಂಪು ಕೋಟಿನಲ್ಲೇ, ಕೂದಲಲ್ಲಿ ಅಕ್ಷತೆ ಇಟ್ಟುಕೊಂಡೇ ಸೀದಾ ವೇದಿಕೆಗೆ ಬಂದಿದ್ದ. ಈ ಪಿಯಾನೊ ಜೊತೆ ಒಮ್ಮೆಯೂ ನುಡಿಸಿ ನೋಡಿರಲಿಲ್ಲ.

ತಪ್ಪು ಎಲ್ಲಿ ಎಂದು ಆಗ ಹೊಳೆಯಿತು. ಮಿರಜಿನ ಪಿಯಾನೊಗೆ ವರ್ಷಗಳಿಂದ ಶ್ರುತಿ ಮಾಡಿರಲಿಲ್ಲ. ತಂತಿಗಳು ಸಡಿಲಾಗಿ ಇಡೀ ಅರ್ಧ ಸ್ವರ ಕೆಳಗಿಳಿದಿದ್ದವು. ಅವನ ಬೆರಳು ಕಲಿತದ್ದು ಅದನ್ನೇ. ಈ ಹೊಸ ಪಿಯಾನೊ ಸರಿಯಾದ ಶ್ರುತಿಯಲ್ಲಿತ್ತು! ಮಿರಜಿನಂಥ ತಂಬೂರಿ ಮಾಡುವ ಊರಿನಲ್ಲಿ ಆರು ತಿಂಗಳು ಕೂತರೂ ನನಗೆ ಗೊತ್ತಾಗಲಿಲ್ಲವಲ್ಲ?

ಅವನು ಸ್ಯಾಕ್ಸೊಫೋನ್ ಇಳಿಸಿದ. "ನನ್ನಿಂದ ಆಗೂದಿಲ್ರಿ ಮೇಡಂ. ನೀವೊಬ್ಬರ ಬಾರಸ್ರಿ, ನಾ ಹೊಂಟೆ."

ಬಾಬಾ ಟೋಪಿ ತಲೆಗಿಟ್ಟು ಎದ್ದೇಬಿಟ್ಟರು.

"ಹೋಗಬ್ಯಾಡ," ಎಂದೆ. "ನೀ ಎಲ್ಲಿ ಅದಿ ಅಲ್ಲೇ ಇರು. ನಾ ಕೆಳಗ ಬರ್ತೇನಿ."

"ಏನಂದ್ರಿ?"

"ನಿಮಗ 'ನೀ' ಅಂತ ಅಂದೆ. ಬಾರಸು!"

ಕಾಗದವಿಲ್ಲದೆ ನಾನು ಎಂದೂ ನುಡಿಸಿದವಳಲ್ಲ. ಝೆರಾಕ್ಸ್ ಮಡಚಿಟ್ಟೆ. ಪ್ರತಿ ಬೆರಳೂ ಒಂದು ಮನೆ ಎಡಕ್ಕೆ. ಬಿಳಿ ಮನೆಯಿದ್ದ ಕಡೆ ಈಗ ಬಹುತೇಕ ಕರಿ! ಎರಡು ಸಲ ಜಾರಿದೆ. ಎರಡೂ ಸಲ ಅವನು ನನ್ನ ತಪ್ಪನ್ನೇ ಎತ್ತಿಕೊಂಡು, ಒಂಚೂರು ತಡವಾಗಿ, ತಿರುಗಿಸಿ ಮುದ್ದಾಗಿ ನುಡಿಸಿದ. ಜನ ಅದಕ್ಕೇ ಚಪ್ಪಾಳೆ ಹೊಡೆದರು.

ಮುಗಿದಾಗ ಬಾಬಾ ವೇದಿಕೆಯ ಹತ್ತಿರ ನಿಂತಿದ್ದರು.

"ಎರಡ ಸಲ ತಪ್ಪಿದ್ದು ಯಾರು?"

"ನಾ, ಬಾಬಾ."

"ಗೊತ್ತಾತು. ಇವರು ಸಂಭಾಳಿಸಿದ್ರು." ಅವನ ಕಡೆ ತಿರುಗಿದರು. "ನಾಳೆ ಊಟಕ್ಕ ಬರ್ರಿ. ಹೊತ್ತು ಮುಳುಗೂದ್ರಾಗ ಬರ್ರಿ ಮತ್ತ, ಆಮ್ಯಾಲೆ ನಾವು ಜೈನರು ಉಣ್ಣೂದಿಲ್ಲ."

ಇವರು! ಬಾಬಾ ಅವನನ್ನು ಇವರು ಎಂದರು!

ರತ್ನದೀಪ ಇನ್ನೂ ಕಕ್ಕಾಬಿಕ್ಕಿ. "ನನ್ನ್ಯಾಕ ಕರದ್ರು?"

ಅವನ ಕೂದಲಿನಿಂದ ಒಂದು ಅಕ್ಷತೆ ತೆಗೆದು, ಇಷ್ಟು ದಿನ ಹೇಳದೇ ಇಟ್ಟುಕೊಂಡಿದ್ದನ್ನು ಕಿವಿಯಲ್ಲಿ ಹೇಳಿದೆ.

ಎಂಥ ಸಾಲನ್ನೂ ಒಮ್ಮೆ ಕೇಳಿದರೆ ಹಿಡಿಯುವವನು, ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ:

"ಮತ್ತೊಮ್ಮೆ."