ಮಳವಳ್ಳಿಯ ಎರಡನೇ ಡಿಸ್ಕು

ಮಚ್ಚಿನ ಅಲಗು ನನ್ನ ಕಿವಿಯ ಕೆಳಗೆ ತಣ್ಣಗೆ ಕೂತಿತ್ತು.

"ಅಳಿಸ್ಲಾ!" ಅಂದ ಚಲುವರಾಜು. "ನನ್ ಕಣ್ಮುಂದೇನೇ ಅಳಿಸು. ಇಲ್ದಿದ್ರೆ ಕತ್ತು ಇರಾಕಿಲ್ಲ!"

ಮಧ್ಯಾಹ್ನ ಒಂದೂವರೆ. ಮಂಡ್ಯದ ಆಫೀಸು. ಊಟದ ಹೊತ್ತು, ಒಂದು ನರಪಿಳ್ಳೆಯೂ ಇಲ್ಲ! ಎದುರಿಗೆ ಕಪ್ಪು ಸ್ಕ್ರೀನು, ಮಿಟುಕುವ ಕರ್ಸರು...

ಏನನ್ನು ಅಳಿಸಬೇಕಿತ್ತು ಅಂತೀರಾ? ಹೇಳುತ್ತೇನೆ ಕೇಳಿ ಸ್ವಾಮಿ.

ನಾನು ನವೀದ್. ಮದ್ದೂರಿನವನು. ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರು, ಕ್ಯಾಮೆರಾ ಎಲ್ಲ ನನ್ನ ಜವಾಬ್ದಾರಿ. ಕಾರ್ಖಾನೆ ಇರುವುದು ಮಳವಳ್ಳಿಯ ಹತ್ತಿರ. ಕ್ಯಾಮೆರಾ ಹಿಡಿದದ್ದೆಲ್ಲ ಅಲ್ಲಿನ ಒಂದು ಡಬ್ಬದೊಳಗಿನ ಎರಡು ಡಿಸ್ಕುಗಳಿಗೆ ಹೋಗುತ್ತದೆ. ಆ ಡಿಸ್ಕುಗಳನ್ನು ನೆಟ್‌ವರ್ಕಿನಲ್ಲಿ ಮಂಡ್ಯದ ಆಫೀಸಿನ ನನ್ನ ಮಶೀನಿಗೆ ಜೋಡಿಸಿದ್ದೆ. ಇಲ್ಲಿ ಕೂತು ಕಮಾಂಡ್ ಹೊಡೆದರೆ ಸಾಕು, ಅಲ್ಲಿನ ಡಿಸ್ಕು ನನ್ನ ಮೇಜಿನ ಮೇಲೇ ಇದ್ದಂತೆ. ಓದಬಹುದು, ಬರೆಯಬಹುದು... ಒರೆಸಿಯೂ ಹಾಕಬಹುದು!

ಆಯುಧಪೂಜೆಯ ಹಿಂದಿನ ದಿನ ಕಾರ್ಖಾನೆಯಲ್ಲಿ ಯಶೋದಮ್ಮ ಅನ್ನೋ ಕೂಲಿ ಹೆಂಗಸು ಸತ್ತಳು. ಕ್ರೇನಿನಿಂದ ಕಬ್ಬಿನ ಹೊರೆ ಜಾರಿ ಮೈಮೇಲೆ ಬಿತ್ತು. ಪೊಲೀಸರು ಕ್ರೇನ್ ಡ್ರೈವರ್ ಸಿದ್ದರಾಮುವನ್ನು ಎಳೆದುಕೊಂಡು ಹೋದರು. "ನಾನು ಟೀ ಕುಡೀತಿದ್ದೆ! ಮೋಜಿಗೆ ಕ್ರೇನ್ ಅತ್ತಿದ್ದೋನು ಚಲುವರಾಜು!" ಅಂತ ಅವನು ಬಾಯಿ ಬಾಯಿ ಬಡಿದುಕೊಂಡ. ಚಲುವರಾಜು ಮಾಲೀಕರ ಭಾಮೈದ. ಸಾಕ್ಷಿ ಹೇಳಲು ಯಾರಿಗೆ ಎದೆ ಇದೆ?

ಕ್ಯಾಮೆರಾಕ್ಕಿತ್ತು.

ಆದರೆ ಪಾಪಿ ನಾನು...!

ಆಯುಧಪೂಜೆಯ ದಿನ ನಾನು ಚನ್ನಪಟ್ಟಣದಲ್ಲಿ ಮದುವೆಯ ಬಿರಿಯಾನಿ ತಿನ್ನುತ್ತಿದ್ದೆ. ಕಾರ್ಖಾನೆಯ ವಾಚ್‌ಮನ್ ಕೆಂಪಯ್ಯ ಪ್ರತಿ ವರ್ಷದಂತೆ ಡಬ್ಬ ಆಫ್ ಮಾಡಿದ. ಡಿಸ್ಕುಗಳನ್ನು ಹೊರಗೆಳೆದು ಒರೆಸಿದ. ಕುಂಕುಮ ಇಟ್ಟ, ಬೂದುಗುಂಬಳ ಒಡೆದ, ವಾಪಸ್ ಸೇರಿಸಿದ. ಒಂದನೆಯದು ಎರಡರ ಜಾಗಕ್ಕೆ, ಎರಡನೆಯದು ಒಂದರ ಜಾಗಕ್ಕೆ! ಪೂಜೆಯಾದ ಮೇಲೆ ಡಿಸ್ಕಿನ ಮೈಮೇಲಿನ ನಂಬರ್ ಸರಿನೋಡುವುದು ನನ್ನ ಕೆಲಸ.

ನೋಡಲಿಲ್ಲ.

ಮೂರನೇ ದಿನ ಮಂಡ್ಯದಲ್ಲಿ ಕೂತು, ಹಳೆಯ ವಿಡಿಯೋಗಳನ್ನು ಖಾಲಿ ಮಾಡೋಣ ಅಂತ ಎರಡನೇ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದೆ. ಎಂಟರ್ ಒತ್ತಿದ ಮೇಲೆ ಗೊತ್ತಾಯಿತು. ಹೋದದ್ದು ಯಶೋದಮ್ಮನ ಸಾವು ಇದ್ದ ಡಿಸ್ಕು!

ಮರುದಿನ ಇನ್ಸ್‌ಪೆಕ್ಟರ್ ವಿಡಿಯೋ ಕೇಳಿದರು. ನನ್ನ ಕೆಲಸ ಹೋಗುತ್ತದಲ್ಲ... "ಪೂಜೆ ಕ್ಲೀನಿಂಗಿಗೆ ಅಂತ ಅವತ್ತು ಕ್ಯಾಮೆರಾ ಆಫ್ ಇತ್ತು ಸಾರ್" ಅಂದೆ. ಸಹಿ ಹಾಕಿಬಿಟ್ಟೆ.

ನಿನ್ನೆ ಸಿದ್ದರಾಮು ಮಗಳು ದೀಪಿಕ ಆಫೀಸಿಗೆ ಬಂದಳು. "ಅಣ್ಣ, ಏನಾದ್ರೂ ಸಿಕ್ತದಾ ನೋಡಣ್ಣ. ನಮ್ಮಪ್ಪ ಜೈಲಲ್ಲಿ ಸತ್ತೋಯ್ತದೆ ಕಣಣ್ಣ" ಅಂತ ಬಗ್ಗಿ ಕಾಲು ಹಿಡಿಯಲು ಬಂದಳು.

ನನ್ನ ಕಾಲು!

ಆ ಗಳಿಗೆಯಿಂದ ಏಳದೆ ಕೂತೆ. ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದಂತೆ. ಪುಟಗಳು ಒಳಗೇ ಇರುತ್ತವೆ. ಇವತ್ತು ಬೆಳಿಗ್ಗೆ ತಡಕಾಡಿದಾಗ ಹತ್ತು ಸೆಕೆಂಡಿನ ಒಂದು ತುಣುಕು ಕಂಡಿತು. ಕ್ರೇನಿನ ಮೇಲೆ ಚಲುವರಾಜು, ಹಲ್ಲು ಕಿರಿಯುತ್ತಾ! ದೀಪಿಕಳಿಗೆ ಫೋನ್ ಮಾಡಿದೆ. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಊರಿಗೆಲ್ಲ ಹೇಳಿಕೊಂಡಳು. ನಾನು ಕಾಪಿ ಮಾಡೋಣ ಅಂದರೆ ನೆಟ್‌ವರ್ಕ್ ಲೈನು ಕೈಕೊಟ್ಟಿತು. ಲೈನು ಸರಿಹೋಗುವಷ್ಟರಲ್ಲಿ ಮಚ್ಚು ಬಂತು.

"ಒಡಿಯೋ ಬೇಗ!"

ಹೊಡೆದೆ. ಅಳಿಸುವ ಕಮಾಂಡ್ ಅಲ್ಲ... ಕನೆಕ್ಷನ್ ಕಡಿಯುವ ಕಮಾಂಡ್! ಸ್ಕ್ರೀನಿನ ಪಟ್ಟಿಯಲ್ಲಿ ಎರಡಿದ್ದ ಡಿಸ್ಕು ಒಂದಾಯಿತು.

"ನೋಡಣ್ಣ. ಹೋಯ್ತು."

ಅವನೇನು ಪೆದ್ದನಲ್ಲ. ಕೆಂಪಯ್ಯನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಲೇ ಕೆಂಪಯ್ಯ, ಡಬ್ಬದಾಗೆ ಎಷ್ಟು ಲೈಟು ಉರೀತಾವ್ಲಾ?"

"ಎಲ್ಡೂ ಉರೀತಾವೆ ಬುದ್ದಿ."

ಚಲುವರಾಜು ನನ್ನನ್ನು ನೋಡಿ ನಕ್ಕ. "ಡಿಸ್ಕು ಓಗಿದ್ರೆ ಅದ್ರ ಲೈಟು ಎಂಗ್ಲಾ ಉರೀತದೆ? ಲೇ ಕೆಂಪಯ್ಯ, ಎಲ್ಡ್ನೂ ಕಿತ್ತು ಬಾಯ್ಲರ್ ಒಲೆಗೆ ಆಕ್ಬುಡು!"

ನಾನು ಕಿರುಚಿದೆ. "ಬ್ಯಾಡ ಕೆಂಪಯ್ಯಣ್ಣಾ! ಸಿದ್ದರಾಮು ಪ್ರಾಣ ಅದ್ರೊಳಗೈತೆ! ಪೊಲೀಸ್ ಠಾಣೆಗೆ ತಕೊಂಡೋಗು!"

ಮಚ್ಚಿನ ಹಿಡಿ ಬಾಯಿಗೆ ಬಿತ್ತು. ಫೋನು ಕಟ್ಟಾಯಿತು. ಕೆಂಪಯ್ಯ ಏನಂದನೋ ಕೇಳಲೇ ಇಲ್ಲ! ಕುರ್ಚಿಯನ್ನು ಚಲುವರಾಜುವಿನ ಮೊಣಕಾಲಿಗೆ ತಳ್ಳಿ, ಮೆಟ್ಟಿಲು ಹಾರಿ, ಬೈಕ್ ಹತ್ತಿದೆ.

ಚಲುವರಾಜುವಿನ ಜೀಪು ಬೆನ್ನಿಗೇ!

ಮದ್ದೂರಿನ ಹತ್ತಿರ ಅದರ ಬಂಪರು ನನ್ನ ಹಿಂದಿನ ಚಕ್ರಕ್ಕೆ ತಾಕಿತು. ಪೇಟೆ ಬೀದಿಯೊಳಕ್ಕೆ ನುಗ್ಗಿದೆ. ಎಳನೀರಿನ ಗಾಡಿ, ಸೊಪ್ಪಿನ ರಾಶಿ... "ಕಣ್ ಕಾಣಾಕಿಲ್ವೇನ್ಲಾ!" ಅಂತ ಯಾರೋ ಬೈದರು. ಜೀಪು ಗಾಡಿಗಳ ಮಧ್ಯೆ ಸಿಕ್ಕಿಕೊಂಡಿತು. ನಾನು ಸಂದಿಯಲ್ಲಿ ತೂರಿ ಮಳವಳ್ಳಿ ರಸ್ತೆ ಹಿಡಿದೆ.

ಮಳವಳ್ಳಿ ಠಾಣೆಯ ಬೆಂಚಿನ ಮೇಲೆ ಕೆಂಪಯ್ಯ ಕೂತಿದ್ದ. ಟವಲಿನಲ್ಲಿ ಸುತ್ತಿದ ಡಿಸ್ಕುಗಳು ತೊಡೆಯ ಮೇಲೆ. ಪಕ್ಕದಲ್ಲಿ, ಅವನೇ ಕರೆಸಿದ್ದ ದೀಪಿಕ.

ಅಲ್ಲೇ ಕೂತು ಸಂಜೆಯೊಳಗೆ ವಿಡಿಯೋ ಪೂರ್ತಿ ಹೊರತೆಗೆದೆ. ಅಷ್ಟರಲ್ಲಿ ಪೊಲೀಸರು ಚಲುವರಾಜುವನ್ನೂ ಹಿಡಿದು ತಂದರು. ಎಲ್ಲರೂ ನೋಡಿದರು.

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಕ್ಯಾಮೆರಾ ಆಫ್ ಇತ್ತು ಅಂದಿದ್ಯಲ್ಲಯ್ಯ?"

ನಾನು ಬಾಯಿ ಬಿಡುವ ಮುಂಚೆ ಕೆಂಪಯ್ಯ ಎದ್ದ. "ತಪ್ಪು ನಂದೇ ಬುದ್ದಿ. ಪೂಜೇಲಿ ಅದಲು ಬದಲು ಮಾಡ್ಬುಟ್ಟೆ. ಸಾಬ್ರುದೇನೂ ಇಲ್ಲ."

ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತು ನೋಡಿ! ಒಂದು ಕ್ಷಣ ಆಸೆಯೂ ಆಯಿತು. ಥೂ, ನನ್ನ ಜನ್ಮಕ್ಕಿಷ್ಟು!

"ಇಲ್ಲ ಸಾರ್. ನಂಬರ್ ನೋಡ್ದೆ ಅಳಿಸಿದ್ದು ನಾನು. ಕೆಲಸ ಹೋಗ್ತದೆ ಅಂತ ಸುಳ್ಳು ಹೇಳಿದ್ದೂ ನಾನೇ."

ದೀಪಿಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣ... ನೆನ್ನೆ ನಿನ್ ಕಾಲ್ ಹಿಡಿಯಾಕ್ ಬಂದ್ನಲ್ಲ, ಆಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಅವಳು ಮುಖ ಆಚೆ ತಿರುಗಿಸಿಕೊಂಡಳು. ಇನ್ಸ್‌ಪೆಕ್ಟರ್ ಹೊಸ ಹಾಳೆ ಎಳೆದುಕೊಂಡರು.

ಸುಳ್ಳಿಗೆ ಎರಡು ಸಾಲು ಸಾಕಾಗಿತ್ತು ಸ್ವಾಮಿ... ನಿಜಕ್ಕೆ ನಾಲ್ಕು ಪುಟ ಹಿಡಿಯಿತು, ಮೇಲೊಂದು ಲಾಕಪ್ಪು!